ಆರ್ಕಿಡ್ ಹುಚ್ಚು: ಗಿಡ ಸತ್ತದ್ದಕ್ಕೆ ಬೆಲೆ ಏರಿತೋ, ಮರಿ ಮಾಡಲು ಬಾರದ್ದಕ್ಕೋ? (ಗಿಡ ಬೆಳೆಸುವವರ ಹರಟೆ; ಪ್ರತಿ ಮಾತಿನ ಮೇಲಿರುವುದು ಹೇಳಿದವರ ಅಡ್ಡಹೆಸರು)

ಹಿತ್ತಲಬಾಗಿಲು

ವಿಕ್ಟೋರಿಯಾ ರಾಣಿ ಕಾಲದ ಇಂಗ್ಲೆಂಡಿನ ಆರ್ಕಿಡ್ ಹುಚ್ಚಿನ ಬಗ್ಗೆ ಎಲ್ಲಿ ಓದಿದರೂ ಅದೇ ಸಾಲು: ಹಡಗುಗಟ್ಟಲೆ ಗಿಡ ಬಂತು, ಮುಕ್ಕಾಲು ಪಾಲು ಸತ್ತಿತು, ಉಳಿದದ್ದಕ್ಕೆ ಹರಾಜಿನಲ್ಲಿ ಚಿನ್ನದ ಬೆಲೆ. ಸರಿ, ಆದರೆ ಯಾಕೆ ಸತ್ತಿತು ಅಂತ ಯಾರೂ ಬಿಡಿಸಿ ಹೇಳಲ್ಲ. ದುಡ್ಡಿತ್ತು, ಗಾಜಿನ ಮನೆ ಇತ್ತು, ಹಗಲು ರಾತ್ರಿ ಕಾಯೋ ಮಾಲಿಗಳಿದ್ರು. ದಾರಿಯಲ್ಲಿ ಸತ್ತವೋ, ಬಂದಮೇಲೋ? ಇನ್ನೊಂದು, ಒಂದು ಕಾಯಲ್ಲಿ ಲಕ್ಷಗಟ್ಟಲೆ ಬೀಜ ಇರತ್ತೆ. ಬಿತ್ತಿ ಬೆಳೆಸಿಕೊಳ್ಳೋದು ಬಿಟ್ಟು ಬ್ರೆಜಿಲ್, ಬರ್ಮಾ ಅಂತ ಯಾಕೆ ಓಡಿದ್ರು? ಹಾಲೆಂಡಿನ ಟುಲಿಪ್ ಥರ ಇದೂ ಬರೀ ಸಟ್ಟಾನಾ?

ಗಾಜಿನಮನೆ

ಎರಡೂ ಕಡೆ ಸತ್ತವು. ದಾರಿಯಲ್ಲಿ ಸತ್ತದ್ದಕ್ಕೆ ಸಮುದ್ರವನ್ನು ದೂರಬಹುದು, ಬಂದಮೇಲೆ ಸತ್ತದ್ದಕ್ಕೆ ಮಾಲಿಗಳನ್ನೇ ದೂರಬೇಕು.

1810–1830ರ ಸುಮಾರಿಗೆ ಇಂಗ್ಲಿಷ್ ತೋಟಗಾರರ ತಲೆಯಲ್ಲಿ ಇದ್ದದ್ದು ಒಂದೇ ಸಮೀಕರಣ: ಉಷ್ಣವಲಯ ಅಂದರೆ ಬೆವರು ಸುರಿಯುವ ಕಾಡು. ಹಾಗಾಗಿ ಎಲ್ಲ ಆರ್ಕಿಡ್‌ಗಳಿಗೂ ಒಂದೇ ಮನೆ. ಅದಕ್ಕೆ ಅವರು ಇಟ್ಟ ಹೆಸರೇ ‘ಸ್ಟವ್’. ಒಳಗೆ ಇಟ್ಟಿಗೆಯ ಹೊಗೆಗೂಡು ಗೋಡೆಗುಂಟ ಹಾದುಹೋಗುತ್ತಿತ್ತು. ತೊಗಲು ಹದ ಮಾಡುವವರು ಬಳಸಿ ಬಿಸಾಡಿದ ಓಕ್ ತೊಗಟೆಯನ್ನು ತೊಟ್ಟಿಗೆ ತುಂಬಿ, ಅದು ಕೊಳೆತು ಕಾವೇರುವಾಗ ಕುಂಡಗಳನ್ನು ಕುತ್ತಿಗೆವರೆಗೆ ಅದರಲ್ಲೇ ಹೂಳುತ್ತಿದ್ದರು. ಹಬೆ ಹೊರಹೋಗದಂತೆ ಕಿಟಕಿ ಬಿಗಿ. ಉಷ್ಣಾಂಶ 90 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುತ್ತಿತ್ತು, ಅಂದರೆ ನಮ್ಮ 32 ಸೆಲ್ಸಿಯಸ್. ಅದೂ ಗಾಳಿ ಅಲುಗಾಡದ 32.

ಇದರಲ್ಲಿ ತಪ್ಪು ಒಂದಲ್ಲ.

ಬೇರು: ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಬೇರಿಗೆ ಬಿಳಿಯ ಸ್ಪಂಜಿನಂಥ ಕವಚ ಇರುತ್ತದೆ. ಮಳೆ ಬಿದ್ದಾಗ ನಿಮಿಷಗಳಲ್ಲಿ ಹೀರಿಕೊಂಡು ಹಸಿರಾಗುತ್ತದೆ, ಗಾಳಿಗೆ ಒಣಗಿ ಮತ್ತೆ ಬೆಳ್ಳಿಬಣ್ಣಕ್ಕೆ ತಿರುಗುತ್ತದೆ. ನೆನೆಯುವುದರಷ್ಟೇ ಒಣಗುವುದೂ ಮುಖ್ಯ. ಕೊಳೆತ ಎಲೆ, ಮಣ್ಣು ತುಂಬಿದ ಕುಂಡದಲ್ಲಿ ಆ ಸ್ಪಂಜು ಸದಾ ತೊಯ್ದಿದ್ದು ಉಸಿರುಕಟ್ಟುತ್ತದೆ. ಮೊದಲು ಕವಚ ಕಂದಾಗಿ ಲೊಳಕ್ಕನೆ ಕಳಚುತ್ತದೆ, ಒಳಗಿನ ನಾರು ಮಾತ್ರ ಉಳಿಯುತ್ತದೆ. ಆಗ ಎಲೆ ಸುಕ್ಕಾಗುತ್ತದೆ. ಸುಕ್ಕು ಕಂಡ ಮಾಲಿ ನೀರು ಸಾಲದೆಂದು ಇನ್ನಷ್ಟು ಸುರಿಯುತ್ತಾನೆ. ಗಿಡದ ಕಥೆ ಅಲ್ಲಿಗೆ ಮುಗಿಯಿತು.

ಹೊಗೆ: ಇಟ್ಟಿಗೆಯ ಗೂಡು ಎಲ್ಲಾದರೂ ಬಿರುಕುಬಿಟ್ಟರೆ ಕಲ್ಲಿದ್ದಲಿನ ಗಂಧಕದ ಹೊಗೆ ಒಳಗೇ ನಿಲ್ಲುತ್ತದೆ. ಮೊಗ್ಗು ಅರಳುವ ಮೊದಲೇ ಉದುರುತ್ತದೆ.

ವಿಶ್ರಾಂತಿ: ಬಹಳಷ್ಟು ಜಾತಿಗಳಿಗೆ ಬೇಸಿಗೆಯೋ ಚಳಿಗಾಲವೋ ಒಣಗಿ ಮಲಗುವ ಕಾಲ. ವರ್ಷವಿಡೀ ಒಂದೇ ಹಬೆಯಲ್ಲಿಟ್ಟರೆ ಎಲೆ ಸೊಂಪಾಗಿ ಬರುತ್ತದೆ, ಹೂ ಬರುವುದಿಲ್ಲ, ಎರಡು ಮೂರು ವರ್ಷಕ್ಕೆ ಬಸವಳಿದು ಹೋಗುತ್ತದೆ.

ಇಂಗ್ಲೆಂಡ್ ಅಂದರೆ ಉಷ್ಣವಲಯದ ಆರ್ಕಿಡ್‌ಗಳ ಸ್ಮಶಾನ ಅನ್ನುವ ಮಾತು ಆ ದೇಶದ ಸಸ್ಯಶಾಸ್ತ್ರಜ್ಞರ ಬಾಯಲ್ಲೇ ಹುಟ್ಟಿದ್ದು.

ಘಟ್ಟದಕೆಳಗೆ

ಇನ್ನೊಂದು ಸೇರಿಸಿ. ಮರದ ಮೇಲಿದೆ, ಹಾಗಾದ್ರೆ ಮರದ ರಸ ಕುಡಿಯತ್ತೆ ಅಂತ ಅವರು ಬಹಳ ಕಾಲ ನಂಬಿದ್ರು. ನಮ್ಮಲ್ಲೂ ಬಂದಳಿಕೆಗೂ ಸೀತಾಳೆ ದಂಡೆ ಅನ್ನೋ ನಮ್ಮ ಕಾಡಿನ ಆರ್ಕಿಡ್‌ಗೂ ವ್ಯತ್ಯಾಸ ಮಾಡದವರು ಇದ್ದಾರೆ ಮಾರಾಯ್ರೆ. ಬಂದಳಿಕೆ ಟೊಂಗೆಯ ಒಳಗೇ ಬೇರು ಇಳಿಸಿ ಮರದಿಂದ ನೀರು ಎಳೀತದೆ. ಸೀತಾಳೆ ತೊಗಟೆಯನ್ನ ತಬ್ಬಿಕೊಂಡಿರ್ತದೆ ಅಷ್ಟೆ. ಮಳೆನೀರು, ತೊಗಟೆ ಸಂದಿನ ಕಸ, ಹಕ್ಕಿ ಹಿಕ್ಕೆ, ಅದರ ಊಟ ಮುಗೀತು. ಪರಾವಲಂಬಿ ಅಂದುಕೊಂಡಿದ್ದಕ್ಕೇ ಅವರು ಕುಂಡಕ್ಕೆ ಕೊಳೆತ ಮರದ ಪುಡಿ ತುಂಬಿದ್ದು.

ಕಡತಪ್ರಿಯೆ

ಈ ಹುಚ್ಚಿನ ಮೂಲಕ್ಕೆ ಸಾಮಾನ್ಯವಾಗಿ ಹೇಳುವ ಕಥೆಯೊಂದಿದೆ. ಬ್ರೆಜಿಲಿನಿಂದ ಬೇರೆ ಗಿಡಗಳ ಸುತ್ತ ಕಟ್ಟಿ ಕಳಿಸಿದ ‘ಹುಲ್ಲು’ ವಿಲಿಯಂ ಕ್ಯಾಟ್ಲಿ ಎಂಬ ವ್ಯಾಪಾರಿಯ ಗಾಜಿನ ಮನೆಯಲ್ಲಿ ಕುತೂಹಲಕ್ಕೆ ನೆಟ್ಟಾಗ ನೇರಳೆ ಹೂವಾಯಿತಂತೆ. ಚೆಂದದ ಕಥೆ, ನಂಬಬೇಡಿ. ವಿಲಿಯಂ ಸ್ವೇನ್ಸನ್ ಪೆರ್ನಾಂಬುಕೊದಲ್ಲಿ ಅವುಗಳನ್ನು ಗಿಡಗಳೆಂದೇ ಸಂಗ್ರಹಿಸಿ ಕಳಿಸಿದ್ದ. 1818ರ ನವೆಂಬರ್‌ನಲ್ಲಿ ಕ್ಯಾಟ್ಲಿಯ ಬಳಿ ಅರಳಿತು. ಸಸ್ಯಶಾಸ್ತ್ರಜ್ಞ ಜಾನ್ ಲಿಂಡ್ಲಿ ಅದಕ್ಕೆ ಕ್ಯಾಟ್ಲಿಯಾ ಲೇಬಿಯಾಟಾ ಎಂದು ಹೆಸರಿಟ್ಟ.

ಮುಂದಿನದ್ದು ನಿಜಕ್ಕೂ ಸ್ವಾರಸ್ಯ. ಆ ಗಿಡದ ತವರು ಎಲ್ಲೆಂಬುದೇ ಕಳೆದುಹೋಯಿತು. ಜಾರ್ಜ್ ಗಾರ್ಡನರ್ ರಿಯೊ ಸಮೀಪದ ಬೆಟ್ಟಗಳಲ್ಲಿ ಸಿಕ್ಕಿತೆಂದುಕೊಂಡ, ಅದು ಬೇರೆ ಜಾತಿ. ಸರಿಯಾದ ಗಿಡ ದಂಡಿಯಾಗಿ ಮತ್ತೆ ಯುರೋಪಿಗೆ ಬಂದದ್ದು 1890ರ ಆಸುಪಾಸಿನಲ್ಲಿ, ಅದೇ ಪೆರ್ನಾಂಬುಕೊ ಕಡೆಯಿಂದ. ಎಪ್ಪತ್ತು ವರ್ಷ ಜನ ದಕ್ಷಿಣಕ್ಕೆ ಹುಡುಕಿದರು, ಗಿಡ ಉತ್ತರದಲ್ಲಿತ್ತು.

ಆ ಮಧ್ಯದ ದಶಕಗಳಲ್ಲಿ ವಿಳಾಸ ತಿಳಿದವರೂ ಬಾಯಿಬಿಡುತ್ತಿರಲಿಲ್ಲ. ನರ್ಸರಿಗಳು ಗಿಡ ಸಿಗುವ ಜಾಗವನ್ನು ಬೇಕೆಂದೇ ಮುಚ್ಚಿಡುತ್ತಿದ್ದವು, ಇಲ್ಲವೇ ತಪ್ಪು ಹೇಳುತ್ತಿದ್ದವು. ಪೈಪೋಟಿಯ ಸಂಗ್ರಹಕಾರ ಅಲ್ಲಿಗೆ ಹೋಗಬಾರದಲ್ಲ. ತಪ್ಪು ಊರು ಅಂದರೆ ತಪ್ಪು ಎತ್ತರ, ತಪ್ಪು ಮಳೆ, ತಪ್ಪು ಚಳಿ. ಕೊಂಡವನು ಆ ಸುಳ್ಳನ್ನೇ ನಂಬಿ ಕುಂಡ ಇಡುತ್ತಿದ್ದ. ಗಾಜಿನಮನೆಯವರು ಮಾಲಿಗಳ ಮೇಲೆ ಹೊರಿಸಿದ ತಪ್ಪಿನಲ್ಲಿ ಅರ್ಧ ವ್ಯಾಪಾರಿಗಳದ್ದು ಎಂದು ನನ್ನ ವಾದ.

ಗಾಜಿನಮನೆ

ಒಪ್ಪಿದೆ, ಅರ್ಧ ಕೊಟ್ಟೆ. ಆದರೆ ಊರು ಸರಿಯಾಗಿ ಗೊತ್ತಿದ್ದಾಗಲೂ ಕೊಂದಿದ್ದಾರೆ. ಅದಕ್ಕೆ ನಮ್ಮ ದೇಶದ್ದೇ ಉದಾಹರಣೆ ಇದೆ: ನೀಲಿ ವಾಂಡಾ, ವಾಂಡಾ ಸೆರುಲಿಯಾ.

1850ರಲ್ಲಿ ಇಂಗ್ಲೆಂಡಿನ ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಈ ಗಿಡವನ್ನು ಅದರ ಮನೆಯಲ್ಲೇ ನೋಡಿ ಬರೆದಿಟ್ಟ. ಗಂಟುಗಂಟಾದ ಕುಳ್ಳ ಮರಗಳು, ಎಲೆ ವಿರಳ. ಟೊಂಗೆಯ ಮೇಲೆ ಪಾಚಿ ಕೂಡ ಇಲ್ಲ. ಒರಟು ಒಣ ತೊಗಟೆಯ ಮೇಲೆ ವಾಂಡಾದ ಬೇರು ಹರಡಿಕೊಂಡು ಬಿಸಿಲು, ಮಳೆ, ಗಾಳಿ ಮೂರಕ್ಕೂ ಮೈಯೊಡ್ಡಿ ನಿಂತಿರುತ್ತವೆ. ಮಳೆಗಾಲದಲ್ಲಿ ವಿಪರೀತ ತೇವ ಇದ್ದರೂ ಗಾಳಿ ನಿಂತು ಹಬೆಗಟ್ಟುವುದಿಲ್ಲ. ಚಳಿಗಾಲ ಒಣ, ರಾತ್ರಿ ಕೊರೆತ. ಇಂಗ್ಲೆಂಡಿನ ಬಿಸಿ, ಮುಚ್ಚಿದ, ಒದ್ದೆ ಮನೆಗೂ ಇದಕ್ಕೂ ಎಲ್ಲಿಯ ಸಾಟಿ ಎಂಬುದೇ ಅವನ ಆಕ್ಷೇಪ.

ಅದೇ ಹೂಕರ್ ಮಾಡಿದ ಕೆಲಸವನ್ನೂ ನೋಡಿ. ಅಧ್ಯಯನಕ್ಕೆಂದು ಕಿತ್ತ ಹೂಗೊಂಚಲು 360. ವರಾಂಡದ ನೆಲದ ಮೇಲೆ ಮೂರು ರಾಶಿ. ಒಂದೊಂದು ಗೊಂಚಲಲ್ಲಿ ಆರರಿಂದ ಇಪ್ಪತ್ತೊಂದು ಹೂ, ಹೂವಿನ ಅಗಲ ಮೂರೂವರೆಯಿಂದ ನಾಲ್ಕು ಇಂಚು. ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಏಳು ಆಳುಹೊರೆ ಗಿಡ ಕಳಿಸಿದ, ಜೀವಂತ ಮುಟ್ಟಿದ್ದು ಬೆರಳೆಣಿಕೆ. ಗಿಡ ಸಿಗುವ ಜಾಗ ನೋಡಿಕೊಂಡು ಬರಲು ತನ್ನ ಮಾಲಿಯನ್ನು ಜೊತೆಗೆ ಕಳಿಸಿದ್ದ ಇನ್ನೊಬ್ಬ ಮಹಾಶಯ ಒಂದೇ ಆಳುಹೊರೆ ಕಳಿಸಿದ. ಅರೆಸತ್ತ ಸ್ಥಿತಿಯಲ್ಲಿ ಮುಟ್ಟಿದ ಅದೇ 300 ಪೌಂಡಿಗೆ ಹೋಯಿತು, ಗಿಡವೊಂದಕ್ಕೆ 3ರಿಂದ 10 ಪೌಂಡ್. ಎಲ್ಲ ಬದುಕಿದ್ದರೆ 1,000 ಪೌಂಡ್ ಆಗುತ್ತಿತ್ತು ಅಂತ ಹೂಕರನೇ ಲೆಕ್ಕ ಹಾಕಿದ್ದಾನೆ. ಗಿಡದ ಬದುಕನ್ನು ಅಷ್ಟು ಸೂಕ್ಷ್ಮವಾಗಿ ಕಂಡವನ ಲೆಕ್ಕವೂ ಕೊನೆಗೆ ಪೌಂಡಿಗೇ ಬಂದು ನಿಂತಿತು.

ಹಿತ್ತಲಬಾಗಿಲು

ಏಳು ಹೊರೆಯಲ್ಲಿ ಬೆರಳೆಣಿಕೆ! ಇದು ದಾರಿಯಲ್ಲಿ ಸತ್ತ ಲೆಕ್ಕ ಅಲ್ವಾ? ಗಿಡ ಸಾಗಿಸೋ ಮುಚ್ಚಿದ ಗಾಜಿನ ಪೆಟ್ಟಿಗೆ, ಅದೇ ವಾರ್ಡ್ ಪೆಟ್ಟಿಗೆ, ಆಗಲೇ ಬಂದಿತ್ತಲ್ಲ? ಸುಧಾರಿಸಿದ ಮಾಲಿಗಳ ಬಗ್ಗೆಯೂ ಯಾರಾದರೂ ಹೇಳಿ.

ತೂಗುಬೇರು

ವಾರ್ಡ್ ಪೆಟ್ಟಿಗೆ ಬಂದಿತ್ತು. ನಥಾನಿಯಲ್ ವಾರ್ಡ್ 1829ರಲ್ಲಿ ಮುಚ್ಚಿದ ಸೀಸೆಯಲ್ಲಿ ಜರಿಗಿಡ ತಾನಾಗಿ ಬೆಳೆದದ್ದನ್ನು ಗಮನಿಸಿದ, 1833ರಲ್ಲಿ ಎರಡು ಗಾಜಿನ ಪೆಟ್ಟಿಗೆ ಸಿಡ್ನಿಗೆ ಕಳಿಸಿ ನೋಡಿದ. ಮರುಪ್ರಯಾಣದಲ್ಲಿ ಕೇಪ್ ಹಾರ್ನ್ ಬಳಿ ಡೆಕ್ಕಿನ ಮೇಲೆ ಹಿಮ ಬಿದ್ದರೂ ಒಳಗಿನ ಗಿಡ ಹಸಿರಾಗಿಯೇ ಇತ್ತು.

ಆದರೆ ಅದು ಎಲ್ಲ ಆರ್ಕಿಡ್‌ಗೂ ಹೊಂದುವ ಪೆಟ್ಟಿಗೆ ಅಲ್ಲ. ಇಲ್ಲಿ ಎರಡು ಗುಂಪು ಮಾಡಿಕೊಳ್ಳಬೇಕು.

ಬುಡದಲ್ಲಿ ಗಡ್ಡೆಯಂತೆ ಉಬ್ಬಿದ ಕಾಂಡ ಇರುವವು (ಕ್ಯಾಟ್ಲಿಯಾ, ಡೆಂಡ್ರೋಬಿಯಂ, ಒಡಾಂಟೊಗ್ಲಾಸಮ್): ಇವು ನೀರು ಕೂಡಿಟ್ಟುಕೊಂಡಿರುತ್ತವೆ. ಮಲಗಿರುವ ಕಾಲದಲ್ಲಿ, ಅಂದರೆ ಹೊಸ ಚಿಗುರು ಏಳುವ ಮೊದಲು ಕಿತ್ತು, ಕೆಲವು ದಿನ ನೆರಳಲ್ಲಿ ಹರಡಿ ಮೇಲ್ಮೈ ಒಣಗಿಸಿ, ಗಾಳಿಯಾಡುವ ತೂತಿನ ಮರದ ಪೆಟ್ಟಿಗೆಯಲ್ಲಿ ಒಣಗಿದ ಹೊಟ್ಟಿನ ಜೊತೆ ಅಲುಗದಂತೆ ಕಟ್ಟಬೇಕು. ಒದ್ದೆ ಪಾಚಿ ಸುತ್ತಿದವನು ಗಿಡ ಕಳಕೊಂಡ. ಹಡಗಿನ ಅಡಿಯ ಬಿಸಿಯಲ್ಲಿ ಒದ್ದೆ ಪಾಚಿ ಬೆಂದು, ಒಂದು ಗಿಡದ ಕೊಳೆ ಇಡೀ ಪೆಟ್ಟಿಗೆಗೆ ಹಬ್ಬುತ್ತದೆ. ಚಿಗುರು ಬಂದಮೇಲೆ ಕಿತ್ತರೆ ಎಳೆಚಿಗುರೇ ಮೊದಲು ಕೊಳೆಯುವುದು, ಅದರಿಂದ ಬುಡಕ್ಕೆ.

ಗಡ್ಡೆ ಇಲ್ಲದವು (ವಾಂಡಾ, ಫಲನಾಪ್ಸಿಸ್): ಇವುಗಳ ಹತ್ತಿರ ಉಳಿತಾಯ ಇಲ್ಲ. ಇವಕ್ಕೆ ಗಾಜಿನ ಪೆಟ್ಟಿಗೆಯೇ ಬೇಕು. ಗಿಡವನ್ನು ಪಟ್ಟಿಗೆ ಕಟ್ಟಿ ಒಳಗೆ ನಿಲ್ಲಿಸಿ, ಬೇರು ಒದ್ದೆಯಲ್ಲಿ ಮುಳುಗದಂತೆ ನೋಡಿ, ಗಾಜಿನ ಅಂಚಿಗೆ ಲಾಂಬಿ ಮೆತ್ತಿ, ಬೆಳಕು ಬೀಳುವ ಡೆಕ್ಕಿನ ಮೇಲೆ ಇಡಬೇಕು. ಕೆಡುವುದೂ ಮೂರೇ ದಾರಿಯಲ್ಲಿ: ಒಂದು ಗಾಜು ಒಡೆದರೆ ಉಪ್ಪುನೀರಿನ ಸಿಡಿತ, ಜಾಗ ಇಲ್ಲವೆಂದು ಕೆಳಗಿನ ಕತ್ತಲಿಗೆ ತಳ್ಳುವುದು, ನಡುಹಗಲ ಬಿಸಿಲಿಗೆ ಮೇಲೆ ಚಾಪೆ ಹೊದಿಸದೆ ಬಿಡುವುದು.

ಮುಟ್ಟಿದ ಮೇಲಿನ ಮೊದಲ ತಿಂಗಳು ಇನ್ನೂ ಸೂಕ್ಷ್ಮ. ನಿಧಾನವಾಗಿ ಕಲಿತ ಪದ್ಧತಿ ಹೀಗೆ. ಕೊಳೆತದ್ದನ್ನು ಗಟ್ಟಿ ಭಾಗದವರೆಗೂ ಕತ್ತರಿಸಿ, ಗಾಯಕ್ಕೆ ಇದ್ದಿಲ ಪುಡಿ ಹಚ್ಚಿ, ನೆರಳಲ್ಲಿ ತಲೆಕೆಳಗಾಗಿ ತೂಗುಹಾಕಿ. ತಲೆಕೆಳಗು ಯಾಕೆಂದರೆ ಎಲೆ ಸಂದಿಯಲ್ಲಿ ನೀರು ನಿಂತರೆ ನಡುಸುಳಿ ಕೊಳೆಯುತ್ತದೆ. ನೆಲಕ್ಕೆ ನೀರು ಚಿಮುಕಿಸಿ ಗಾಳಿ ತೇವ ಮಾಡಿ, ಗಿಡಕ್ಕೆ ಹಾಕಬೇಡಿ. ಹೊಸ ಬೇರಿನ ಹಸಿರು ತುದಿ ಕಾಣಿಸಿದ ದಿನ ಕುಂಡಕ್ಕೆ. ಕುಂಡದ ಅರ್ಧಕ್ಕೂ ಮೇಲೆ ಹೆಂಚಿನ ಚೂರು, ಅದರ ಮೇಲೆ ನಾರುಳ್ಳ ಪೀಟ್ (ಜೌಗಿನಲ್ಲಿ ಅರೆಕೊಳೆತ ಸಸ್ಯದ ಪದರ), ಸ್ವಲ್ಪ ಸ್ಫ್ಯಾಗ್ನಂ ಪಾಚಿ. ನೀರು ಮಳೆಯದ್ದೇ. ಆ ಕಾಲದ ಗಾಜಿನ ಮನೆಗಳ ಒಳಗೆ ಮಳೆನೀರಿನ ತೊಟ್ಟಿ ಕಟ್ಟುತ್ತಿದ್ದದ್ದು ಇದಕ್ಕೇ: ಬಾವಿಯ ಸುಣ್ಣದ ನೀರಿಗೆ ಬೇರಿನ ತುದಿ ಸುಡುತ್ತದೆ, ಮಂಜು ಕೊರೆವ ತಣ್ಣೀರೂ ಆಗದು.

ನಮ್ಮ ಊರಿನ ಕುಂಡಕ್ಕೆ ಪೀಟ್ ಬೇಡ. ಇದ್ದಿಲು, ಹೆಂಚಿನ ಚೂರು, ನೆನೆಸಿ ತೊಳೆದ ತೆಂಗಿನ ಸಿಪ್ಪೆಯ ತುಂಡು ಸಾಕು. ಮಳೆಗಾಲದಲ್ಲಿ ಸಿಪ್ಪೆ ಕಡಿಮೆ ಮಾಡಿ.

ಕಡತಪ್ರಿಯೆ

ಸುಧಾರಿಸಿದ ಮಾಲಿಗಳಲ್ಲಿ ಮೊದಲ ಹೆಸರು ಜೋಸೆಫ್ ಪ್ಯಾಕ್ಸ್‌ಟನ್. 1833ರಲ್ಲಿ ಲಂಡನ್ನಿನ ಪ್ರದರ್ಶನವೊಂದರಲ್ಲಿ ಚಿಟ್ಟೆಯಂಥ ಹೂವಿನ ಒಂದು ಆರ್ಕಿಡ್ ಕಂಡು ಡೆವನ್‌ಶೈರಿನ ಆರನೇ ಡ್ಯೂಕ್ ಮರುಳಾದ. ಅವನ ಚಾಟ್ಸ್‌ವರ್ತ್ ಅರಮನೆಯ ತೋಟದ ಯಜಮಾನಿಕೆ ಪ್ಯಾಕ್ಸ್‌ಟನ್‌ನದು. ಜಾನ್ ಗಿಬ್ಸನ್ ಎಂಬ ಮಾಲಿಯನ್ನು 1835ರಲ್ಲಿ ಭಾರತಕ್ಕೆ ಅಟ್ಟಿದರು. ಅವನು ಕಲ್ಕತ್ತದಿಂದ ಚಿರಾಪುಂಜಿಗೆ ಹೋಗಿ, 1837ರಲ್ಲಿ ಪೆಟ್ಟಿಗೆಗಟ್ಟಲೆ ಗಿಡಗಳೊಂದಿಗೆ ಮರಳಿದ. ಡೆಂಡ್ರೋಬಿಯಂ ಡೆವೊನಿಯಾನಮ್, ಡೆಂಡ್ರೋಬಿಯಂ ಗಿಬ್ಸೊನೈ ಇವೆಲ್ಲ ಆ ಸವಾರಿಯ ಹೆಸರುಗಳು.

ಪ್ಯಾಕ್ಸ್‌ಟನ್ ಮಾಡಿದ ಬದಲಾವಣೆ ಕೇಳಲು ಸರಳ: ಒಂದೇ ಸ್ಟವ್ ಬಿಟ್ಟು ಬೇರೆ ಬೇರೆ ಕಾವಿನ ಮನೆಗಳು, ಕಿಟಕಿ ತೆರೆದು ಗಾಳಿ, ಹಬೆಯ ಬದಲು ನೆಲಕ್ಕೆ ನೀರು, ಕುಂಡದಲ್ಲಿ ಒಳ್ಳೆಯ ಬಸಿ. ಹೊಗೆಗೂಡಿನ ಜಾಗಕ್ಕೆ ಬಿಸಿನೀರಿನ ಕೊಳವೆ ಬಂತು, 1845ರಲ್ಲಿ ಗಾಜಿನ ತೆರಿಗೆ ಹೋಯಿತು. ಅಲ್ಲಿಂದ ಮುಂದೆ ಮಧ್ಯಮ ಸಿರಿವಂತರೂ ಆರ್ಕಿಡ್ ಮನೆ ಕಟ್ಟಿಸಿದರು.

ಅದೇ ಪ್ಯಾಕ್ಸ್‌ಟನ್ 1851ರ ಕ್ರಿಸ್ಟಲ್ ಪ್ಯಾಲೇಸ್ ವಿನ್ಯಾಸ ಮಾಡಿದವನು. ಅದರ ಮಾದರಿಯನ್ನು ಮನಸ್ಸಿನಲ್ಲಿಟ್ಟು 1889ರಲ್ಲಿ ಅಡಿಗಲ್ಲು ಹಾಕಿದ್ದು ನಮ್ಮ ಲಾಲ್‌ಬಾಗಿನ ಗಾಜಿನ ಮನೆಗೆ.

ಘಟ್ಟದಕೆಳಗೆ

ಬೆಳೆಸಲು ಬಂತು ಅಂದಕೂಡ್ಲೆ ಕಾಡಿಗೆ ನಿಜವಾದ ಕೇಡು ಶುರು. ಮೊದಲಾದ್ರೆ ತಂದರೂ ಸಾಯ್ತಿತ್ತು, ತರುವವರೂ ಕಡಿಮೆ. ಈಗ ನೂರಾರು ಮಂದಿ ಕೊಳ್ಳುವವರು. ಸೇಂಟ್ ಆಲ್ಬನ್ಸ್‌ನ ಫ್ರೆಡರಿಕ್ ಸ್ಯಾಂಡರ್ ಒಬ್ಬನೇ 20ಕ್ಕೂ ಹೆಚ್ಚು ಸಂಗ್ರಹಕಾರರನ್ನ ಲೋಕದ ಮೂಲೆಮೂಲೆಗೆ ಅಟ್ಟಿದ್ದ. ಆಲ್ಬರ್ಟ್ ಮಿಲಿಕನ್ ಅಂತ ಒಬ್ಬ ಕೊಲಂಬಿಯಾದಲ್ಲಿ ಎರಡು ತಿಂಗಳಲ್ಲಿ ಸುಮಾರು 10,000 ಒಡಾಂಟೊಗ್ಲಾಸಮ್ ಕಿತ್ತ, ಅದಕ್ಕೆ ಕಡಿಸಿದ ಮರ 4,000. ಇದನ್ನ ಬೇರೆಯವರು ಆರೋಪ ಮಾಡಿದ್ದಲ್ಲ, ಅವನೇ 1891ರ ತನ್ನ ಪುಸ್ತಕದಲ್ಲಿ ಬರ್ಕೊಂಡಿದ್ದು. ಮರ ಹತ್ತೋದಕ್ಕಿಂತ ಕಡಿಯೋದು ಅಗ್ಗ ಅಂತ ಲೆಕ್ಕ.

ಹಿತ್ತಲಬಾಗಿಲು

ಹಾಗಾದ್ರೆ ಟುಲಿಪ್‌ಗೆ ಹೋಲಿಸೋದು ತಪ್ಪಾ?

ಕಡತಪ್ರಿಯೆ

ವ್ಯಾಪಾರದ ಮಟ್ಟಿಗೆ ತಪ್ಪು. ಹಾಲೆಂಡಿನಲ್ಲಿ 1636–37ರ ಚಳಿಗಾಲದಲ್ಲಿ ಕೈಬದಲಾದದ್ದು ಗಿಡವಲ್ಲ, ಚೀಟಿ. ಗಡ್ಡೆ ಇನ್ನೂ ಮಣ್ಣೊಳಗಿರುವಾಗಲೇ ಹೆಂಡದಂಗಡಿಯಲ್ಲಿ ಕೂತು ತೂಕದ ಲೆಕ್ಕದಲ್ಲಿ ಮಾರುತ್ತಿದ್ದರು. ತೂಕದ ಘಟಕ ‘ಆಸ್’, ಸುಮಾರು ಒಂದು ಗ್ರಾಂನ ಇಪ್ಪತ್ತನೇ ಒಂದು ಪಾಲು. 1637ರ ಫೆಬ್ರವರಿ ಮೊದಲ ವಾರ ಹಾರ್ಲೆಮ್‌ನಲ್ಲಿ ಕೊಳ್ಳುವವರು ನಿಂತುಹೋದರು. ವಿಚಿತ್ರವೆಂದರೆ ಫೆಬ್ರವರಿ 5ರಂದು ಆಲ್ಕ್‌ಮಾರ್‌ನಲ್ಲಿ ತಂದೆ ಕಳೆದುಕೊಂಡ ಮಕ್ಕಳ ಪರವಾಗಿ ನಡೆದ ಗಡ್ಡೆಗಳ ಹರಾಜು ಸುಮಾರು 90,000 ಗಿಲ್ಡರ್ (ಹಾಲೆಂಡಿನ ನಾಣ್ಯ) ತಂದಿತು. ಸುದ್ದಿ ಅಲ್ಲಿಗಿನ್ನೂ ಮುಟ್ಟಿರಲಿಲ್ಲ ಅನ್ನಿಸುತ್ತದೆ. ಆರ್ಕಿಡ್‌ಗೆ ಅಂಥ ಚೀಟಿ ವ್ಯಾಪಾರವಿರಲಿಲ್ಲ. ಲಂಡನ್ನಿನ ಸ್ಟೀವನ್ಸ್, ಪ್ರೊಥೆರೊ ಅಂಡ್ ಮಾರಿಸ್ ಹರಾಜುಕಟ್ಟೆಗಳಲ್ಲಿ ಗಿಡ ಮುಂದಿಟ್ಟೇ ಕೂಗುತ್ತಿದ್ದರು. ಒಡಾಂಟೊಗ್ಲಾಸಮ್ ಕ್ರಿಸ್ಪಮ್‌ನ ಮಚ್ಚೆಯುಳ್ಳ ಒಂದೊಂದು ಗಿಡ 20ನೇ ಶತಮಾನದ ಆರಂಭದಲ್ಲಿ ಸಾವಿರ ಗಿನಿ ದಾಟಿತು. ಗಿನಿ ಅಂದರೆ 21 ಶಿಲಿಂಗ್, ಪೌಂಡಿಗಿಂತ ಒಂದು ಶಿಲಿಂಗ್ ಹೆಚ್ಚು.

ಗಿಡದ ಮಟ್ಟಿಗೆ ಮಾತ್ರ ಹೋಲಿಕೆ ಸರಿ. ಸೆಂಪರ್ ಆಗಸ್ಟಸ್‌ನಂಥ ಟುಲಿಪ್‌ನ ಬಿಳಿ ಮೇಲಿನ ಕೆಂಪು ಜ್ವಾಲೆ ವೈರಸ್ ರೋಗದ ಗುರುತು. ಡೊರೊಥಿ ಕೇಲಿ 1928ರಲ್ಲಿ ಅದನ್ನು ತೋರಿಸಿದರು. ಹರಡುವುದು ಸಸ್ಯಹೇನು. ಬೀಜ ಬಿತ್ತಿದರೆ ಆ ವಿನ್ಯಾಸ ಬರುವುದಿಲ್ಲ, ಹೂವಾಗಲು ಆರೇಳು ವರ್ಷ ಬೇರೆ. ಗಡ್ಡೆಯ ಮರಿಗಳಿಂದಲೇ ಹೆಚ್ಚಿಸಬೇಕು, ರೋಗದ ಗಡ್ಡೆ ಮರಿ ಹಾಕುವುದೂ ಕಡಿಮೆ. ಎರಡೂ ಕಡೆ ಬೆಲೆಯ ಬುಡದಲ್ಲಿ ಇದ್ದದ್ದು ಇದೇ, ಬೇಕೆಂದಾಗ ಮರಿ ಮಾಡಲು ಆಗದಿದ್ದದ್ದು.

ಸೀಸೆತೋಟ

ಇಲ್ಲಿಂದ ನನ್ನ ಕ್ಷೇತ್ರ. ಆರ್ಕಿಡ್ ಹುಚ್ಚನ್ನು ಕೊನೆಗಾಣಿಸಿದ್ದು ರುಚಿ ಬದಲಾದದ್ದಲ್ಲ, ಸೀಸೆಯೊಳಗಿನ ಸಕ್ಕರೆ ಅಂತ ನಾನು ಹೇಳುತ್ತೇನೆ.

ಆರ್ಕಿಡ್ ಬೀಜ ನಶ್ಯದ ಪುಡಿಯಂತೆ. ಅವರೆಕಾಳಿನಲ್ಲಿ ಮೊಳಕೆಯ ಊಟ ಬೇಳೆಯಲ್ಲಿದೆ, ಇದರಲ್ಲಿ ಆ ಊಟವೇ ಇಲ್ಲ, ಜೊಳ್ಳು ಹೊದಿಕೆಯೊಳಗೆ ಕೆಲವೇ ಜೀವಕೋಶ. ಕಾಡಿನಲ್ಲಿ ಒಂದು ಶಿಲೀಂಧ್ರ ಬೀಜದೊಳಗೆ ಹೊಕ್ಕು ಊಟ ಒದಗಿಸುತ್ತದೆ. ಇದು ಗೊತ್ತಿಲ್ಲದೆ ಬಿತ್ತಿದ್ದೆಲ್ಲ ಹಾಳು. ವೀಚ್ ನರ್ಸರಿಯ ಜಾನ್ ಡೊಮಿನಿ ಮಾತ್ರ 1856ರಲ್ಲಿ ಕ್ಯಾಲಾಂತೆ ಎಂಬ ಆರ್ಕಿಡ್‌ನ ಮೊದಲ ಮಿಶ್ರತಳಿ ಅರಳಿಸಿದ. ಆಗ ಬಿತ್ತುತ್ತಿದ್ದದ್ದು ತಾಯಿಗಿಡದ ಕುಂಡದ ಮೇಲೆಯೇ. ಬೇರಿನ ಸುತ್ತ ಶಿಲೀಂಧ್ರ ಇದ್ದದ್ದರಿಂದ ಸಾವಿರಕ್ಕೆ ಒಂದೆರಡು ಬದುಕುತ್ತಿದ್ದವು, ಕಾರಣ ಅವರಿಗೂ ಗೊತ್ತಿರಲಿಲ್ಲ. 1899ರಲ್ಲಿ ಫ್ರಾನ್ಸಿನ ನೊಯೆಲ್ ಬರ್ನಾರ್ ಮೊಳಕೆಯೊಳಗೆ ಶಿಲೀಂಧ್ರವನ್ನು ಕಂಡ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವೇ ಬೇಡ, ಲವಣ ಮತ್ತು ಸಕ್ಕರೆ ಬೆರೆಸಿದ ಅಗಾರ್ ಸಾಕೆಂದು ತೋರಿಸಿದ. ಅವನ 1946ರ ‘ಸಿ’ ದ್ರಾವಣ ಈಗಲೂ ಬಳಕೆಯಲ್ಲಿದೆ. ಒಂದು ಲೀಟರ್ ಶುದ್ಧೀಕರಿಸಿದ ನೀರಿಗೆ:

ಕ್ಯಾಲ್ಸಿಯಂ ನೈಟ್ರೇಟ್ 1 ಗ್ರಾಂ
ಅಮೋನಿಯಂ ಸಲ್ಫೇಟ್ 0.5 ಗ್ರಾಂ
ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ 0.25 ಗ್ರಾಂ
ಮೆಗ್ನೀಸಿಯಂ ಸಲ್ಫೇಟ್ 0.25 ಗ್ರಾಂ
ಫೆರಸ್ ಸಲ್ಫೇಟ್ 0.025 ಗ್ರಾಂ
ಮ್ಯಾಂಗನೀಸ್ ಸಲ್ಫೇಟ್ 0.0075 ಗ್ರಾಂ
ಸಕ್ಕರೆ 20 ಗ್ರಾಂ
ಅಗಾರ್ 12ರಿಂದ 15 ಗ್ರಾಂ

ಪಿಎಚ್, ಅಂದರೆ ಹುಳಿಯ ಅಳತೆ, 5ರಿಂದ 5.5. ಇದಕ್ಕಿಂತ ತೀರಾ ಇಳಿದರೆ ಬೇಯಿಸಿದ ಮೇಲೆ ಅಗಾರ್ ಗಟ್ಟಿಯಾಗದೆ ಗಂಜಿಯಂತೆ ಉಳಿಯುತ್ತದೆ. ಕ್ಯಾಲ್ಸಿಯಂ ಲವಣವನ್ನೂ ಫಾಸ್ಫೇಟನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಿ ಕೊನೆಗೆ ಸೇರಿಸಿ, ಇಲ್ಲದಿದ್ದರೆ ಬಿಳಿ ಗಷ್ಟು ಕೂರುತ್ತದೆ, ಗಿಡಕ್ಕೆ ಎರಡೂ ದಕ್ಕುವುದಿಲ್ಲ.

ಹಿತ್ತಲಬಾಗಿಲು

ಮನೆ ಕುಕ್ಕರಿನಲ್ಲಿ ಆಗತ್ತಾ ಇದು? ಅಗಾರ್ ಅಂದ್ರೆ ಅಂಗಡಿಯ ಚೈನಾ ಗ್ರಾಸೇ ತಾನೆ?

ಸೀಸೆತೋಟ

ಅದೇ, ಆದರೆ ಅಡುಗೆಯ ಚೈನಾ ಗ್ರಾಸಿನ ಗಟ್ಟಿತನ ಒಂದೊಂದು ಪೊಟ್ಟಣಕ್ಕೆ ಒಂದೊಂದು. ಮೊದಲು 100 ಮಿಲಿ ಮಾಡಿ ನೋಡಿ, ಲೋಟ ಓರೆ ಮಾಡಿದರೆ ಜಾರಬಾರದು.

ಕುಕ್ಕರಿನಲ್ಲಿ ಆಗುತ್ತದೆ. ಅಗಾರ್ ಪೂರ್ತಿ ಕರಗುವವರೆಗೆ ಕುದಿಸಿ, ಅಗಲ ಬಾಯಿಯ ಗಾಜಿನ ಬಾಟಲಿಗೆ ಕಾಲು ಭಾಗ ಸುರಿದು, ಮುಚ್ಚಳ ಸಡಿಲವಾಗಿ ಹಾಕಿ ಮೇಲೆ ಫಾಯಿಲ್ ಸುತ್ತಿ. ಮೊದಲ ವಿಸಿಲ್ ಆದಮೇಲೆ ಉರಿ ತಗ್ಗಿಸಿ 20 ನಿಮಿಷ. ಗುರಿ 15 ಪೌಂಡ್ ಒತ್ತಡ, 121 ಡಿಗ್ರಿ. ಆವಿ ತಾನಾಗಿ ಇಳಿಯಲಿ. ವೆಯ್ಟ್ ಎತ್ತಿ ಅವಸರ ಮಾಡಿದರೆ ಬಾಟಲಿಯೊಳಗಿನದು ಉಕ್ಕಿ ಮುಚ್ಚಳಕ್ಕೆ ಸಕ್ಕರೆ ಅಂಟುತ್ತದೆ, ಬೂಷ್ಟಿಗೆ ಅದೇ ಬಾಗಿಲು.

ಹೊಸಬರಿಗೆ ಒಡೆಯದ ಹಸಿರು ಕಾಯಿ ಸುಲಭ. ಒಳಗಿನ ಬೀಜ ಹೇಗೂ ಶುದ್ಧ, ಹೊರಮೈ ತೊಳೆದರೆ ಸಾಕು. ಸಾಬೂನಿನಲ್ಲಿ ಉಜ್ಜಿ, ಬ್ಲೀಚ್ ದ್ರಾವಣದಲ್ಲಿ 15–20 ನಿಮಿಷ ಮುಳುಗಿಸಿ. ಗಾಳಿಯಾಡದ ಗಾಜಿನ ಪೆಟ್ಟಿಗೆಯೊಳಗೆ, ಕುದಿಸಿದ ಉಪಕರಣದಿಂದ ಸೀಳಿ ಬೀಜ ಉದುರಿಸಿ. ಸ್ಪಿರಿಟ್ ಸಿಂಪಡಿಸಿದ ಪೆಟ್ಟಿಗೆಯೊಳಗೆ ದೀಪ ಹಚ್ಚಬೇಡಿ, ಭಗ್ಗೆನ್ನುತ್ತದೆ. ಒಡೆದ ಕಾಯಿಯ ಒಣ ಬೀಜವಾದರೆ ಹತ್ತು ಪಟ್ಟು ತೆಳು ಮಾಡಿದ ಬ್ಲೀಚಿನಲ್ಲಿ ಒಂದು ಹನಿ ಪಾತ್ರೆ ತೊಳೆಯುವ ದ್ರವ ಹಾಕಿ ಸುಮಾರು 10 ನಿಮಿಷ ಕುಲುಕಿ. ಆ ಹನಿ ಇಲ್ಲದಿದ್ದರೆ ಬೀಜ ತೇಲುತ್ತದೆ, ಒದ್ದೆಯೇ ಆಗುವುದಿಲ್ಲ.

ಕೆಟ್ಟರೆ ಬಾಟಲಿಯೇ ಕಾರಣ ಹೇಳುತ್ತದೆ. ಬೀಜ ಬಿದ್ದಲ್ಲೆಲ್ಲ ಬೂಷ್ಟು ಎದ್ದರೆ ಬೀಜ ಶುದ್ಧವಾಗಿಲ್ಲ. ಒಂದು ಅಂಚಿನಿಂದ ಹಬ್ಬಿದರೆ ಮುಚ್ಚಳ ಅಥವಾ ಕೈಯಿಂದ ಬಂದದ್ದು. ಬೀಜ ಹಾಕದ ಬಾಟಲಿಯಲ್ಲೂ ಹಾಲಿನಂಥ ಮೋಡ ಕಟ್ಟಿದರೆ ಕುಕ್ಕರಿನಲ್ಲಿ ಸರಿಯಾಗಿ ಬೆಂದಿಲ್ಲ. ಬೂಷ್ಟಿಲ್ಲ, ಬೀಜ ಬೆಳ್ಳಗೇ ಉಳಿದಿದೆ ಅಂದರೆ ಬ್ಲೀಚ್ ಜಾಸ್ತಿಯಾಯಿತು ಅಥವಾ ಜೊಳ್ಳು ಬೀಜ. ಎಲ್ಲ ಸರಿಯಿದ್ದರೆ ಕೆಲವು ವಾರಗಳಿಂದ ಎರಡು ಮೂರು ತಿಂಗಳೊಳಗೆ ರಾಗಿಕಾಳಿಗಿಂತ ಸಣ್ಣ ಹಸಿರು ಮುದ್ದೆಗಳು ಕಾಣುತ್ತವೆ. ಗಿಜಿಗುಟ್ಟಿದಾಗ ಹೊಸ ಬಾಟಲಿಗೆ ಬಿಡಿಸಿ. ಹೊರಗೆ ತೆಗೆಯುವುದು ಹೆಚ್ಚುಕಡಿಮೆ ವರ್ಷಕ್ಕೆ, ಕ್ಯಾಟ್ಲಿಯಾ ಹೂವಿಗೆ ಐದರಿಂದ ಏಳು ವರ್ಷ.

ಘಟ್ಟದಕೆಳಗೆ

ಕಾಯಿ ಮಾತ್ರ ಕಾಡಿನಿಂದ ತರಬೇಡಿ ಮತ್ತೆ. ಹಿತ್ತಲ ಗಿಡದ್ದೇ ಎರಡು ಹೂವಿಗೆ ಕಡ್ಡಿಯಲ್ಲಿ ಪರಾಗ ಮುಟ್ಟಿಸಿದರೆ ಕಾಯಿ ಕಟ್ತದೆ.

ತೂಗುಬೇರು

ಸೀಸೆತೋಟ ಅವರ ಮಾತಿಗೆ ಸಣ್ಣ ತಕರಾರು. ಸಕ್ಕರೆಗಿಂತ ಮೊದಲು ಕಲ್ಲಿದ್ದಲು ಇತ್ತು. ಮೊದಲ ಮಹಾಯುದ್ಧದಲ್ಲಿ ಗಾಜಿನ ಮನೆ ಕಾಯಿಸಲು ಕಲ್ಲಿದ್ದಲು ಸಿಗಲಿಲ್ಲ. ಚಾಟ್ಸ್‌ವರ್ತ್‌ನಲ್ಲಿ ಪ್ಯಾಕ್ಸ್‌ಟನ್ ಕಟ್ಟಿದ್ದ ದೊಡ್ಡ ಗಾಜಿನ ಮನೆಯ ಗಿಡಗಳು ಚಳಿಗೆ ಸತ್ತವು, 1920ರಲ್ಲಿ ಆ ಕಟ್ಟಡವನ್ನೇ ಸಿಡಿಮದ್ದಿಟ್ಟು ಕೆಡವಿದರು. ನಡ್ಸನ್ ಬಂದದ್ದು ಎರಡು ವರ್ಷ ಆಮೇಲೆ.

ಸೀಸೆತೋಟ

ಹುಚ್ಚು ನಿಲ್ಲಿಸಿದ್ದು ಕಲ್ಲಿದ್ದಲು ಅನ್ನಿ, ಬೇಡವೆನ್ನಲ್ಲ. ಅದು ಮತ್ತೆ ಹಳೆಯ ಬೆಲೆಗೆ ಏಳದಂತೆ ಮಾಡಿದ್ದು ಸೀಸೆ. 1960ರಲ್ಲಿ ಜಾರ್ಜ್ ಮೊರೆಲ್ ಸಿಂಬಿಡಿಯಂ ಎಂಬ ಆರ್ಕಿಡ್‌ನ ಚಿಗುರುತುದಿಯ ಚೂರಿನಿಂದ ಗಿಡ ಎಬ್ಬಿಸಿದ. ಅವನಿಗೆ ಬೇಕಿದ್ದದ್ದು ವೈರಸ್ ಇಲ್ಲದ ಗಿಡ, ಸಿಕ್ಕಿದ್ದು ಒಂದೇ ಗಿಡದ ಸಾವಿರ ನಕಲು ಮಾಡುವ ದಾರಿ. ಸಾವಿರ ಗಿನಿಯ ಗಿಡ ಅನ್ನುವ ಮಾತಿಗೆ ಅಲ್ಲಿಗೆ ಅರ್ಥ ಹೋಯಿತು. ಟುಲಿಪ್‌ನಲ್ಲಿ ವೈರಸ್ಸಿಗೇ ಬೆಲೆ ಕಟ್ಟಿದ್ದರು, ಇಲ್ಲಿ ಅದನ್ನು ಕಳೆಯಲು ಹೋಗಿ ಬೆಲೆಯೇ ಇಳಿಯಿತು. ಅಂದಹಾಗೆ ಚೂರು ದೊಡ್ಡದಾದರೆ ವೈರಸ್ಸೂ ಜೊತೆಗೆ ನಕಲಾಗುತ್ತದೆ. ಮನೆಯಲ್ಲಿ ಹಬ್ಬಿಸುವುದು ಕತ್ತರಿ. ಗಿಡದಿಂದ ಗಿಡಕ್ಕೆ ಹೋಗುವಾಗ ಅಲಗನ್ನು ಬೆಂಕಿಗೆ ಹಿಡಿಯಿರಿ.

ಹಿತ್ತಲಬಾಗಿಲು

ಕೊನೇ ಪ್ರಶ್ನೆ. ನರ್ಸರಿಯಲ್ಲಿ ‘ನೀಲಿ ವಾಂಡಾ’ ಅಂತ ಮಾರೋದು ಹೂಕರ್ ನೋಡಿದ್ದೇ ಗಿಡವಾ? ಕೊಳ್ಳಬಹುದಾ?

ಗಾಜಿನಮನೆ

ಬಹುತೇಕ ಅಲ್ಲ, ಅದರ ಮಿಶ್ರತಳಿ. 1931ರಲ್ಲಿ ನೋಂದಾದ ‘ರಾತ್ಸ್‌ಚೈಲ್ಡಿಯಾನಾ’ ಖಾಸಿಯ ನೀಲಿ ವಾಂಡಾಕ್ಕೂ ಫಿಲಿಪ್ಪೀನ್ಸ್‌ನ ಸ್ಯಾಂಡೇರಿಯಾನಾಕ್ಕೂ ಹುಟ್ಟಿದ್ದು. ಅದರ ಸಂತತಿಯೇ ಮಾರುಕಟ್ಟೆಯಲ್ಲಿ ಹೆಚ್ಚು. ಬಯಲುಸೀಮೆಯ ಸೆಖೆಯನ್ನು ಮೂಲ ಗಿಡಕ್ಕಿಂತ ಇವು ಚೆನ್ನಾಗಿ ತಡೆಯುತ್ತವೆ. ಮೂಲ ಜಾತಿ ವನ್ಯಜೀವಿ ರಕ್ಷಣಾ ಕಾಯ್ದೆಯ ಸಂರಕ್ಷಿತ ಗಿಡಗಳ ಪಟ್ಟಿಯಲ್ಲಿದೆ, ಕಾಡಿನದ್ದಾದರೆ ಮುಟ್ಟಬೇಡಿ. ಕೊಳ್ಳುವಾಗ ಬೇರು ನೋಡಿ. ಬುಟ್ಟಿಯಲ್ಲಿ ಬೆಳೆದದ್ದಾದರೆ ಬೇರು ದುಂಡಗೆ, ಇಳಿಬಿದ್ದು, ತುದಿ ಹಸಿರು. ಮರದಿಂದ ಕಿತ್ತದ್ದಾದರೆ ಒಂದು ಪಕ್ಕ ಚಪ್ಪಟೆಯಾಗಿ ತೊಗಟೆಯ ಚೂರು ಅಂಟಿರುತ್ತದೆ, ತುದಿಗಳು ಮುರಿದಿರುತ್ತವೆ.

ಹಿತ್ತಲಬಾಗಿಲು

ಬೇರು ಬುಟ್ಟಿಯಿಂದ ಒಂದಡಿ ಹೊರಗೆ ಜೋತಾಡ್ತಿದ್ರೆ? ಕತ್ತರಿಸಿ ಒಳಗೆ ತುರುಕಬೇಕಾ?

ಗಾಜಿನಮನೆ

ತುರುಕಿದರೆ 1820ರ ಸ್ಟವ್‌ನ ಮಾಲಿಯ ಕೆಲಸವೇ ಆಯಿತು. ಹಾಗೇ ಬಿಡಿ. ಬೆಳಿಗ್ಗೆ ಬೇರು ಹಸಿರಾಗುವವರೆಗೆ ನೀರು ಚಿಮುಕಿಸಿ, ಮಧ್ಯಾಹ್ನದೊಳಗೆ ಮತ್ತೆ ಬೆಳ್ಳಗಾಗಬೇಕು.